ನರ್ಸಮ್ಮನ ದಾರದುಂಡೆ

ಮೊನ್ನೆ ನಮ್ಮ ನಾದಿನಿ ಮಗಳಿಗೆ ಹಾಸನದಲ್ಲಿ ಹೆರಿಗೆ ಆಯ್ತು. ಗಂಡು ಮಗು. ಅಮ್ಮನ್ನೂ ಕರ್ಕೊಂಡು ನೋಡೋಕೆ ಹೋಗಿದ್ದೆ. ಎಲ್ರೂ ಮಗೂಗೆ ಯಾರ ಮೂಗು ಬಂದಿದೆ, ಯಾರ ಬಣ್ಣ ಬಂದಿದೆ ಅಂತ ಪಂಚಾಯ್ತಿ ಮಾಡ್ತಾ ಇದ್ರೆ ನಮ್ಮಮ್ಮ ಮಾತ್ರ ಮೆತ್ತಗೆ ಬಟ್ಟೆ ಸರಿಸಿ ಹೊಕ್ಕಳು ನೋಡಿದ್ರು. ಅಲ್ಲೊಂದು ಪ್ಲಾಸ್ಟಿಕ್ ಕ್ಲಿಪ್ಪು. ಒಣಗಿ ಹಾಕಿದ ಬಟ್ಟೆಗೆ ಹಾಕ್ತೀವಲ್ಲ, ಅದರ ಮರಿ ಥರ. ಅದನ್ನ ಮುಟ್ಟದೆ ನೋಡಿ, "ಇಷ್ಟೇನಾ" ಅಂದ್ರು. ವಾಪಸ್ ಬರುವಾಗ ಬಸ್ಸಲ್ಲಿ ಹೊಳೆನರಸೀಪುರ ಬರೋವರೆಗೂ ಒಂದು ಮಾತಾಡ್ಲಿಲ್ಲ.

ಅಮ್ಮ ಯಾಕೆ ಹಂಗಂದ್ರು ಅಂತ ಹೇಳ್ಬೇಕು ಅಂದ್ರೆ ನಮ್ಮಜ್ಜಿ ವಿಷಯ ಹೇಳ್ಬೇಕು. ನಿಮ್ಮಲ್ಲಿ ಸುಮಾರು ಜನ ಅಜ್ಜೀನ ನೋಡಿದ್ದೀರಿ. ಕೆಲವರು ಅಜ್ಜಿ ಕೈಲೇ ಹುಟ್ಟಿದೋರೂ ಇದ್ದೀರಿ. ಆದ್ರೆ ಈ ವಿಷಯ ಗೊತ್ತಿರಲ್ಲ.

ಅಜ್ಜೀನ ಹೆಸರು ಹಿಡಿದು ಯಾರೂ ಕರೀತಿರ್ಲಿಲ್ಲ. ನರ್ಸಮ್ಮ. ಮನೆ ಒಳಗೂ ಅಷ್ಟೇ, ನಮ್ಮ ತಾತನ ತಮ್ಮಂದ್ರು ಕೂಡ "ನರ್ಸಮ್ಮತ್ತಿಗೆ" ಅನ್ನೋರು. ರೇಷನ್ ಕಾರ್ಡ್ ನೋಡಿದ ಮೇಲೇ ನನಗೆ ಅಜ್ಜಿಗೊಂದು ಹೆಸರಿದೆ ಅಂತ ತಿಳಿದಿದ್ದು, ಆಗ ನಾನು ಆರನೇ ಕ್ಲಾಸು.

ಅಜ್ಜಿಯ ಅಪ್ಪ ಮೇಷ್ಟ್ರು. ಅದಕ್ಕೇ ಆ ಕಾಲಕ್ಕೆ ಮಿಡ್ಲ್ ಸ್ಕೂಲು ಮುಗಿಸಿದ್ರು. ಹದಿನಾರಕ್ಕೆ ಮದುವೆ, ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಗೆ. 1953ರಲ್ಲಿ ನಮ್ಮಮ್ಮ ಹುಟ್ಟಿದ್ರು. 1956ರಲ್ಲಿ ಒಂದು ಗಂಡು ಮಗು ಆಗಿ ಎಂಟನೇ ದಿನಕ್ಕೆ ಹೋಯ್ತು. ಮುಂದಿನ ವರ್ಷ ತಾತ ತೆಂಗಿನ ಮರದಿಂದ ಬಿದ್ದು ಹೋದ್ರು. ಇಷ್ಟೇ ನಮಗೆ ಗೊತ್ತಿದ್ದಿದ್ದು. ಮಗು ಯಾಕೆ ಹೋಯ್ತು ಅಂತ ಕೇಳಿದ್ರೆ ದೊಡ್ಡೋರೆಲ್ಲ "ಬಾಲಗ್ರಹ" ಅನ್ನೋರು, ಅಲ್ಲಿಗೆ ಮುಗೀತು.

ಇಪ್ಪತ್ಮೂರು ವರ್ಷದ ವಿಧವೆ, ಕೈಯಲ್ಲಿ ನಾಲ್ಕು ವರ್ಷದ ಹೆಣ್ಣು ಮಗು. ಮನೆಯೋರು ಕೆಟ್ಟೋರಲ್ಲ, ಆದ್ರೆ ಒಂದು ಹೊತ್ತಿನ ಮುದ್ದೆಗೆ ಹತ್ತು ಜನರ ಮುಖ ನೋಡ್ಬೇಕು. ಮೇಷ್ಟ್ರೇ ಬಂದು ಮಗಳನ್ನ ಕರ್ಕೊಂಡು ಹೋದ್ರು. ಸರ್ಕಾರದೋರು ಹಳ್ಳಿ ಕಡೆಗೆ ಅಂತ ಎರಡು ವರ್ಷದ ದಾದಿ ಟ್ರೇನಿಂಗು ಕೊಡ್ತಾರೆ, ಎ.ಎನ್.ಎಂ. ಅಂತ, ತಿಂಗಳಿಗೆ ಸ್ಟೈಫಂಡೂ ಉಂಟು ಅಂತ ಯಾರೋ ಅವರಿಗೆ ಹೇಳಿದ್ರಂತೆ. ಪಂಚವಾರ್ಷಿಕ ಯೋಜನೇಲಿ ಊರೂರಿಗೆ ಪ್ರೈಮರಿ ಹೆಲ್ತ್ ಸೆಂಟರ್ ಮಾಡ್ತಾ ಇದ್ದ ಕಾಲ ಅದು. 1959ರಲ್ಲಿ ಅಜ್ಜಿ ಒಂದು ಟ್ರಂಕು ಹಿಡ್ಕೊಂಡು ಹೊಳೆನರಸೀಪುರದಲ್ಲಿ ಮೀಟರ್ ಗೇಜ್ ರೈಲು ಹತ್ತಿ ಮೈಸೂರಿಗೆ ಹೋದ್ರು. ನಮ್ಮಮ್ಮ ಅವರಜ್ಜಿ ಹತ್ರ ಉಳಿದ್ರು. ರೈಲು ಹೊರಟಾಗ ಸೀಟಿ ಹೊಡೀತಲ್ಲ, ಆ ಸದ್ದು ಅಮ್ಮಂಗೆ ಇವತ್ತಿಗೂ ಆಗಲ್ಲ. ನಾವೆಲ್ಲ ಮೈಸೂರಿಗೆ ರೈಲಲ್ಲಿ ಹೋಗೋಣ ಅಂದ್ರೆ "ನೀವ್ ಹೋಗಿ, ನಾನ್ ಬಸ್ಸಲ್ಲಿ ಬತ್ತೀನಿ" ಅಂತಾರೆ.

ಆಗ ವಿಧವೆಗೆ ಬಿಳಿ ಸೀರೆ. ನರ್ಸಿಗೂ ಬಿಳಿ ಸೀರೆ. ಊರ ಹೆಂಗಸರಿಗೆ ಇದೊಂದು ತಲೆನೋವಾಯ್ತು ಅಂತ ಅಜ್ಜಿ ನಗ್ತಾ ಹೇಳೋರು. ಬೆಳಗ್ಗೆ ಎದ್ದು ಹೊಲಕ್ಕೆ ಹೊರಟೋರು ಅಜ್ಜಿ ಎದುರು ಬಂದ್ರೆ ತಿರುಗಿ ಮನೆಗೆ ಹೋಗಿ ಸ್ವಲ್ಪ ಕೂತು, ನೀರು ಕುಡ್ದು, ಆಮೇಲೆ ಹೊರಡೋರು. ಅದೇ ಮನೇಲಿ ರಾತ್ರಿ ಸೊಸೆಗೆ ನೋವು ಬಂದ್ರೆ ಲಾಂದ್ರ ಹಿಡ್ಕೊಂಡು ಓಡಿ ಬರೋರು. "ಹುಟ್ಟೋ ಕೂಸು ಮೊದಲು ನೋಡೋದೇ ನನ್ ಮಕ, ಅದಕ್ಕಿಲ್ಲದ ಅಪಶಕುನ ಇವ್ಳ ಹೊಲಕ್ಕೈತಾ" ಅನ್ನೋರು ಅಜ್ಜಿ.

ಮೊದಲು ಪೋಸ್ಟಿಂಗ್ ಆಗಿದ್ದು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಕಡೆ. ಅಲ್ಲಿ ಒಂಬತ್ತು ವರ್ಷ. ಅಲ್ಲಿಗೆ ಇವತ್ತಿಗೂ ರೈಲಿಲ್ಲ, ಆಗ ಬಸ್ಸೂ ಅಷ್ಟಕ್ಕಷ್ಟೆ. ಆಲೂಗಡ್ಡೆ ಹೊಲ, ಹೊಗೆಸೊಪ್ಪಿನ ಹೊಲ ದಾಟ್ಕೊಂಡು ನಡೀಬೇಕು. ಮಳೆಗಾಲದಲ್ಲಿ ಕಾವೇರಿ ಕೆಂಪಗೆ ತುಂಬಿ ಹರೀತಿರೋದು, ಆ ದಡದಲ್ಲಿ ಹೆರಿಗೆ ಅಂದ್ರೆ ಹರಿಗೋಲೇ ಗತಿ. ಹರಿಗೋಲು ಗಿರಗಿರ ತಿರುಗ್ತಾ ಹೋಗುತ್ತಲ್ಲ, ಅಜ್ಜಿ ಕಣ್ಣು ಮುಚ್ಕೊಂಡು ಬ್ಯಾಗನ್ನ ಮಡಿಲಲ್ಲಿ ಅಪ್ಕೊಂಡು ಕೂತಿರೋರಂತೆ. ಈಜು ಬರ್ತಿರ್ಲಿಲ್ಲ. ಕೊನೇವರೆಗೂ ಕಲೀಲಿಲ್ಲ.

ಬ್ಯಾಗಲ್ಲಿ ಏನೇನಿರ್ತಿತ್ತು ಅಂತ ನನಗೆ ಬಾಯಿಪಾಠ. ಎನಾಮಲ್ ತಟ್ಟೆ, ಹುರುಳಿಕಾಯಿ ಆಕಾರದ್ದು. ಕತ್ತರಿ. ಸೋಪು, ಉಗುರು ಉಜ್ಜೋ ಬ್ರಷ್ಷು. ಮಗು ತೂಗೋ ಸ್ಪ್ರಿಂಗ್ ತಕ್ಕಡಿ. ಡೆಟಾಲ್ ಬಾಟ್ಲು. ಹೊಸಾ ಬ್ಲೇಡು, ಕಾಗದ ಬಿಚ್ಚದೇ ಇರೋದು. ಮತ್ತೆ ಒಂದು ಬಿಳೀ ದಾರದುಂಡೆ. ದಾರಾನ ಗೇಣುದ್ದ ಕತ್ತರಿಸಿ, ಕುದಿಯೋ ನೀರಲ್ಲಿ ಹಾಕಿ, ಅದರಲ್ಲಿ ಹೊಕ್ಕಳ ಬಳ್ಳಿಗೆ ಎರಡು ಕಡೆ ಕಟ್ಟಿ, ನಡುವೆ ಕತ್ತರಿಸೋರು. ಆಮೇಲೆ ಹೊಕ್ಕಳಿಗೆ ಏನೂ ಹಚ್ಚಂಗಿಲ್ಲ. ಬೂದಿ ಇಲ್ಲ, ಅರಿಶಿನ ಇಲ್ಲ, ಹರಳೆಣ್ಣೆ ಇಲ್ಲ. ಮನೆ ಮುದುಕೀರು ಹಚ್ಚಿಬಿಡ್ತಾರೆ ಅಂತ ಎಂಟು ದಿನ ತಪ್ಪದೆ ದಿನಾ ಹೋಗಿ ಬಟ್ಟೆ ಬಿಚ್ಚಿ ನೋಡಿ ಬರೋರು. ಬೇರೆ ನರ್ಸುಗಳು ಮೂರು ದಿನಕ್ಕೆ ಬಿಡ್ತಿದ್ರು. ಅಜ್ಜಿಗೆ ಎಂಟು ದಿನ ಆಗ್ಲೇಬೇಕು. ಯಾಕೆ ಎಂಟು ಅಂತ ಯಾರೂ ಕೇಳಿರ್ಲಿಲ್ಲ.

ಗಿಣ್ಣು ಹಾಲಿನ ಜಗಳ ಅಂತೂ ಊರೂರಲ್ಲೂ ಆಗಿದೆ. ಮೊದಲ ಎರಡು ಮೂರು ದಿನದ ಹಳದಿ ಹಾಲು ಕೆಟ್ಟದ್ದು, ಅದನ್ನ ಹಿಂಡಿ ಚೆಲ್ಲಿ, ಮಗೂಗೆ ಸಕ್ಕರೆ ನೀರೋ ಜೇನುತುಪ್ಪಾನೋ ನೆಕ್ಕಿಸೋದು ಪದ್ಧತಿ. ಅಜ್ಜಿ ಹಟ್ಟಿ ನಡುವೆ ನಿಂತು, "ಹಸ ಕರ ಹಾಕುದ್ರೆ ಗಿಣ್ಣ ಮಾಡಿ ಬೆಲ್ಲ ಏಲಕ್ಕಿ ಹಾಕ್ಕೊಂಡು ನೀವ್ ತಿಂತೀರಿ. ನಿಮ್ ಮಗೀನ ಗಿಣ್ಣ ಮಾತ್ರ ಯಾಕವ್ವ ಮಣ್ಣಿಗೆ ಚೆಲ್ತೀರಿ?" ಅಂತ ಕೇಳೋರು. ಅದಕ್ಕೆ ಯಾವ ಅತ್ತೆ ಹತ್ರಾನೂ ಉತ್ತರ ಇರ್ತಿರ್ಲಿಲ್ಲ. ಹಂಗೇ ಬಾಣಂತಿಗೆ ನೀರು ಕೊಡಲ್ಲ ಅನ್ನೋದಕ್ಕೂ ಬೈಯೋರು. ಆದ್ರೆ ಎಲ್ಲದಕ್ಕೂ ಬೈಯೋರಲ್ಲ ಮತ್ತೆ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೊಬ್ಬರಿ ಅಂಟಿನುಂಡೆ, ಬಿಸಿ ಬಿಸಿ ಎಣ್ಣೆ ನೀರು, ಇವಕ್ಕೆಲ್ಲ ಅವರೇ ಮುಂದೆ. ನನ್ನ ಬಾಣಂತನದಲ್ಲಿ ಅಜ್ಜಿ ಮಾಡಿದ ಮೆಣಸಿನ ಸಾರಿನ ಖಾರ ನೆನೆಸಿಕೊಂಡ್ರೆ ಈಗ್ಲೂ ಮೂಗು ಸೋರುತ್ತೆ.

ಸಿಡುಬಿನ ಕಾಲ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಕವಲು ತುದಿ ಸೂಜಿ ಬಂದ ಮೇಲೆ ಒಂದೇ ಜಾಗಕ್ಕೆ ಹದಿನೈದು ಸಲ ಚುಚ್ಬೇಕಿತ್ತು. ಮನೆ ಮಂದಿ "ಅಮ್ಮ ಆಗಿದೆ, ದೇವ್ರು ಬಂದಿದ್ದಾಳೆ, ಸೂಜಿ ಹಿಡ್ಕೊಂಡ್ ಒಳಗೆ ಬರ್ಬೇಡಿ" ಅಂತ ಬೇವಿನ ಸೊಪ್ಪು ಕಟ್ಟಿ ಬಾಗಿಲು ಹಾಕ್ತಿದ್ರು. 1975ರಲ್ಲಿ ದೇಶದ ಕೊನೇ ಸಿಡುಬು ಆಯ್ತು, 77ರಲ್ಲಿ ಭಾರತದಲ್ಲಿ ಇನ್ನಿಲ್ಲ ಅಂತ ಹೇಳಿದ್ರು. ಅಜ್ಜಿ ಆ ಸೂಜಿ ಒಂದನ್ನ ವಾಪಸ್ ಕೊಡದೆ ಇಟ್ಕೊಂಡಿದ್ರು. ಕದ್ದಿದ್ದು ಅಂತಾನೇ ಹೇಳೋರು.

ವಂಕಿ ಕತೆ ನಿಮಗೆಲ್ಲ ಗೊತ್ತಿರ್ಬೋದು. 1965ರಲ್ಲಿ ಲೂಪು ಬಂತು, ಅದಕ್ಕೆ ನಮ್ಮೋರು ವಂಕಿ ಅಂತ ಹೆಸರಿಟ್ರು. ಅಜ್ಜಿ ಒಂದು ಮನೆಗೆ ಹೋಗಿ "ವಂಕಿ ಹಾಕಿಸ್ಕತೀಯಾ" ಅಂದ್ರೆ ಆ ಹುಡುಗಿ ತೋಳು ಮುಂದೆ ಮಾಡಿದ್ಲಂತೆ, ಸರ್ಕಾರ ಚಿನ್ನ ಕೊಡ್ತದೆ ಅಂದ್ಕೊಂಡು. ಎಮರ್ಜೆನ್ಸೀಲಿ ಮಾತ್ರ ಅಜ್ಜಿ ನಗೋದು ನಿಂತಿತ್ತು. ತಿಂಗಳಿಗೆ ಇಷ್ಟು ಆಪರೇಷನ್ ಕೇಸು ತರ್ಲೇಬೇಕು ಅಂತ ಟಾರ್ಗೆಟ್ಟು. ಹೆರಿಗೆಗೆ ಕರೆಯೋ ಮನೆಯೋರೇ ಅಜ್ಜೀನ ಕಂಡು ಹಿತ್ತಲಿಗೆ ಓಡೋರಂತೆ. ಆ ಎರಡು ವರ್ಷದ ವಿಷಯ ಕೇಳಿದ್ರೆ ಮಾತು ಬದಲಾಯಿಸೋರು.

ಆಗ ಅವರು ಚನ್ನರಾಯಪಟ್ಟಣ ತಾಲ್ಲೂಕಲ್ಲಿದ್ರು. 1981ರ ಫೆಬ್ರವರಿ, ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷ ಆಗಿ ಮಹಾಮಸ್ತಕಾಭಿಷೇಕ. ದೇಶದ ಮೂಲೆ ಮೂಲೆಯಿಂದ ಜನ. ಅಜ್ಜಿಗೆ ಬೆಟ್ಟದ ಬುಡದಲ್ಲಿ ಟೆಂಟಿನಲ್ಲಿ ಡ್ಯೂಟಿ. ಕಾಲು ಉಳುಕಿದೋರು, ಬಿಸಿಲಿಗೆ ಬಿದ್ದೋರು, ಹೊಟ್ಟೆ ಕೆಟ್ಟೋರು. ಅಷ್ಟು ದಿನ ಅಲ್ಲೇ ಇದ್ದೂ ಬೆಟ್ಟ ಹತ್ಲಿಲ್ಲ. ಅಮ್ಮ ನಮ್ಮನ್ನೆಲ್ಲ ಕರ್ಕೊಂಡು ಹೋಗಿದ್ರು, ನನಗೆ ಆರು ವರ್ಷ. ಟೆಂಟಿನ ಹತ್ರ ಹೋದ್ರೆ ಅಜ್ಜಿ ಯಾರದೋ ಮಗೀಗೆ ಉಪ್ಪು ಸಕ್ಕರೆ ನೀರು ಕುಡಿಸ್ತಾ ಇದ್ರು. ನಮ್ಮನ್ನ ನೋಡಿ ತಲೆ ಆಡಿಸಿದ್ರು, ಅಷ್ಟೇ. ಅಮ್ಮ ನನ್ನ ಕೈ ಜಗ್ಗಿ ಕರ್ಕೊಂಡು ಬೆಟ್ಟ ಹತ್ತಿದ ವೇಗ ನನಗೆ ಈಗ್ಲೂ ನೆನಪಿದೆ. ಮೇಲೆ ಹೋಗೋವರೆಗೂ ಎಲ್ಲೂ ಕೂರಿಸ್ಲಿಲ್ಲ.

ಅಮ್ಮಂಗೆ ಕೋಪ ಇತ್ತು. ಅದನ್ನ ಮುಚ್ಚಿಟ್ಟು ಬರೆದ್ರೆ ಈ ಬರಹ ಸುಳ್ಳಾಗುತ್ತೆ. ಶನಿವಾರ ಸಾಯಂಕಾಲ ಬಸ್ಸಲ್ಲಿ ಬಂದು ಭಾನುವಾರ ಸಾಯಂಕಾಲ ಹೋಗೋ ತಾಯಿ. ಒಂದೊಂದು ಶನಿವಾರ ಅದೂ ಇಲ್ಲ. ಅಮ್ಮ ದೊಡ್ಡೋಳಾದಾಗ ಅಜ್ಜಿ ಇರ್ಲಿಲ್ಲ, ಯಾವುದೋ ಊರಲ್ಲಿ ಅವಳಿ ಹೆರಿಗೆ. "ನಿಮ್ಮಜ್ಜಿ ಊರಿಗೆಲ್ಲ ತಾಯಿ, ನಂಗೊಬ್ಳಿಗೆ ನೆಂಟ್ರು" ಅಂತ ಅಮ್ಮ ನಮ್ಮ ಮುಂದೇನೇ ಹೇಳೋರು, ಅಜ್ಜಿಗೂ ಕೇಳಿಸೋ ಹಂಗೆ. ಅಜ್ಜಿ ಏನೂ ಅನ್ನದೆ ಅವರೆಕಾಳು ಹಿಸುಕ್ತಾ ಕೂತಿರೋರು.

1992ರಲ್ಲಿ ಹಾಸನದಲ್ಲಿ ರಿಟೈರ್ ಆದ್ರು. ಹೊಳೆನರಸೀಪುರದ ಮನೆಗೆ ಬಂದ್ರು. 1998ರಲ್ಲಿ ನನ್ನ ಮೊದಲ ಬಾಣಂತನ ಅಲ್ಲೇ. ಹೆರಿಗೆ ಆಸ್ಪತ್ರೇಲಿ ಆಗಿದ್ರೂ ಅಜ್ಜಿ ಎಂಟು ದಿನ ಬೆಳಗ್ಗೆ ಸಂಜೆ ಮಗಳ ಹೊಕ್ಕಳು ನೋಡಿದ್ರು. ಒಂಬತ್ತನೇ ದಿನ ನೋಡ್ಲಿಲ್ಲ. ಅವತ್ತು ರಾತ್ರಿ, ಹೊರಗೆ ಜಿಟಿಜಿಟಿ ಮಳೆ, ಮಗು ಹಾಲು ಕುಡೀತಾ ಇತ್ತು, ನಾನು ಸುಮ್ನೆ ಬಾಯಿಗೆ ಬಂದಂಗೆ ಕೇಳ್ದೆ. "ಯಾಕಜ್ಜಿ ಎಂಟೇ ದಿನ?"

ಅಜ್ಜಿ ಅವತ್ತು ಹೇಳಿದ್ರು. ಮೈಸೂರಲ್ಲಿ ಟ್ರೇನಿಂಗ್ ಎರಡನೇ ತಿಂಗಳು. ಪಾಠ ಮಾಡೋ ಸಿಸ್ಟರ್ ಬೋರ್ಡ್ ಮೇಲೆ ಧನುರ್ವಾಯು ಅಂತ ಬರೆದ್ರಂತೆ. ಮಣ್ಣಲ್ಲಿ, ಸಗಣೀಲಿ ಇರೋ ರೋಗಾಣು. ಕೊಳಕು ಕುಡುಗೋಲಲ್ಲಿ ಬಳ್ಳಿ ಕತ್ತರಿಸಿದ್ರೆ, ಬೆರಣಿ ಬೂದಿ ಹಚ್ಚಿದ್ರೆ ಹೊಕ್ಕಳಿಂದ ಮಗು ಒಳಗೆ ಹೋಗುತ್ತೆ. ಮೊದಲ ಎರಡು ಮೂರು ದಿನ ಮಗು ಚೆನ್ನಾಗೇ ಹಾಲು ಕುಡಿಯುತ್ತೆ. ಆಮೇಲೆ ಬಾಯಿ ತೆರೆಯಕ್ಕಾಗಲ್ಲ. ತುಟಿ ಬಿಗಿಯುತ್ತೆ. ಮುಟ್ಟಿದ್ರೆ, ಬೆಳಕು ಬಿದ್ರೆ, ಸದ್ದಾದ್ರೆ ಮೈ ಬಿಲ್ಲಿನ ಥರ ಸೆಟೆಯುತ್ತೆ. ಸಿಸ್ಟರ್ ಒಂದೊಂದೇ ಹೇಳ್ತಾ ಹೋದಂಗೆ ಅಜ್ಜಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಮಡಿಲಲ್ಲಿಟ್ಕೊಂಡು ನೋಡಿದ್ರು. ಬಾಲಗ್ರಹ ಅಂತ ತಾಯತ ಕಟ್ಸಿದ್ರು, ಕೋಣೆ ಕತ್ತಲು ಮಾಡಿ ಧೂಪ ಹಾಕಿದ್ರು. ಮಗು ಅಳೋಕೂ ಆಗದೆ ಮುಖದಲ್ಲಿ ನಕ್ಕ ಹಂಗೆ ಕಾಣ್ತಿತ್ತಂತೆ. "ನಗ್ತೈತೆ, ವಾಸಿ ಆಯ್ತದೆ ಅಂದ್ಕಂಡಿದ್ದೆ ಕಣ್ಮಗ" ಅಂದ್ರು ಅಜ್ಜಿ.

ಕ್ಲಾಸಿನಿಂದ ಎದ್ದು ಹೊರಗೆ ಹೋಗ್ಲಿಲ್ಲ. ನೋಟ್ಸ್ ಪೂರ್ತಿ ಬರ್ಕೊಂಡ್ರಂತೆ.

ಆ ಹೆರಿಗೆ ಮಾಡಿಸಿದ್ದು ಊರಿನ ಸೂಲಗಿತ್ತಿ. ನಮ್ಮಮ್ಮನ್ನೂ ಅವಳೇ ಹೆರಿಗೆ ಮಾಡಿಸಿದ್ದು, ಅದೇ ಕುಡುಗೋಲು. ಊರಿಗೆಲ್ಲ ಅವಳೇ. ಕಾಸು ಕೇಳೋಳಲ್ಲ, ಒಂದು ಮೊರ ರಾಗಿ, ಒಂದು ಎಲೆ ಅಡಿಕೆ, ಹಳೇ ಸೀರೆ. ಹೆರಿಗೆ ಕೋಣೆಗೆ ಅವಳು ಬರ್ಬೋದು, ಅಡಿಗೆ ಮನೆಗೆ ಬರಂಗಿಲ್ಲ. 1961ರಲ್ಲಿ ಅಜ್ಜಿ ಟ್ರೇನಿಂಗ್ ಮುಗಿಸಿ ಊರಿಗೆ ಬಂದ ದಿನಾನೇ ಅವಳ ಗುಡಿಸ್ಲಿಗೆ ಹೋದ್ರು. ಬೈಯೋಕೆ ಹೋಗಿದ್ದು ಅಂತ ನನಗೆ ಹೇಳಿದ್ರು. ಹೋಗಿ ನೋಡಿದ್ರೆ ಅವಳು ಜ್ವರ ಬಂದು ಮಲಗಿದ್ಲು. ಅಜ್ಜಿ ಗಂಜಿ ಕಾಯಿಸಿ ಕೊಟ್ಟು, ಬ್ಯಾಗಿಂದ ಒಂದು ಪ್ಯಾಕೆಟ್ ಬ್ಲೇಡು, ಒಂದು ದಾರದುಂಡೆ ತೆಗೆದು ಕೊಟ್ಟು, "ಇನ್ಮೇಲೆ ಇದ್ರಲ್ಲೇ ಕುಯ್ಯಿ. ಒಂದ್ ಹೆರ್ಗೆಗೆ ಒಂದು. ದಾರ ಕುದ್ಸು. ಬೂದಿ ಹಚ್ಬ್ಯಾಡ" ಅಂದು ಬಂದ್ರು. ಯಾಕೆ ಅಂತ ಹೇಳ್ಲಿಲ್ಲ. ಅವಳೂ ಕೇಳ್ಲಿಲ್ಲ. ಆಮೇಲೆ ಪ್ರತಿ ಸಲ ಊರಿಗೆ ಹೋದಾಗ್ಲೂ ಬ್ಲೇಡು, ದಾರ ತಗೊಂಡು ಹೋಗೋರು, ತಮ್ಮ ಸಂಬಳದಲ್ಲಿ.

ಹದಿನೇಳು ಹದಿನೆಂಟು ವರ್ಷ ಹಿಂಗೇ ನಡೀತು. ಎಪ್ಪತ್ತರ ದಶಕದ ಕೊನೇಲಿ ಸರ್ಕಾರ ಹಳ್ಳಿ ದಾಯಿಯರಿಗೂ ಟ್ರೇನಿಂಗ್ ಶುರು ಮಾಡ್ತು. ಸೂಲಗಿತ್ತೀನೂ ಕರೆದ್ರು, ಅವಳಿಗೆ ಆಗ ಅರವತ್ತು ದಾಟಿತ್ತು. ಅಲ್ಲೂ ಅದೇ ಪಾಠ, ಚಿತ್ರ ತೋರಿಸಿ ಹೇಳಿದ್ರಂತೆ. ಆ ಭಾನುವಾರ ಅಜ್ಜಿ ಊರಿಗೆ ಹೋಗಿದ್ದಾಗ ಸಂಜೆ ಅವಳು ಬಂದು ಜಗಲಿ ಮೇಲೆ ಕುಂತ್ಲು. ಏನವ್ವ ಅಂದ್ರೆ ಮಾತಿಲ್ಲ. ದೀಪ ಹಚ್ಚೋ ಹೊತ್ತಾಯ್ತು, ಉಂಡು ಮಲಗೋ ಹೊತ್ತಾಯ್ತು, ಎದ್ದು ಹೋಗ್ಲಿಲ್ಲ. ಅಜ್ಜಿಗೆ ಅರ್ಥ ಆಯ್ತು. ಅವಳ ಕೈ ಹಿಡ್ದು ಎಬ್ಬಿಸಿ ಒಳಗೆ ಕರ್ಕೊಂಡು ಹೋದ್ರು, ನೇರ ಅಡಿಗೆ ಮನೆಗೆ. ಒಲೆ ಮುಂದೆ ಕೂರಿಸಿ ಉಪ್ಸಾರು ಮುದ್ದೆ ಬಡಿಸಿದ್ರು. ಮನೆಯೋರು ಬಾಯಿ ತೆರೀಲಿಲ್ಲ, ಅಜ್ಜಿ ಮುಖ ನೋಡಿ ತೆರೆಯೋ ಧೈರ್ಯ ಬರ್ಲಿಲ್ವೇನೋ. ಅವಳು ಅರ್ಧ ಮುದ್ದೆ ಉಂಡು, ಅಜ್ಜಿ ಕಾಲು ಮುಟ್ಟೋಕೆ ಬಗ್ಗಿದ್ಲು. ಅಜ್ಜಿ ಬಿಡ್ಲಿಲ್ಲ. ಇಬ್ರೂ ಆ ವಿಷಯ ಒಂದು ದಿನಾನೂ ಬಾಯಿಬಿಟ್ಟು ಮಾತಾಡ್ಲಿಲ್ಲ. ಬೆಳಗ್ಗೆ ಅಜ್ಜಿ ಬಸ್ಸಿಗೆ ಹೋದ್ರು.

"ನಿಮ್ಮಮ್ಮಂಗೆ ಹೇಳ್ಬ್ಯಾಡ" ಅಂದ್ರು ನನಗೆ. ಯಾಕೆ ಅಂದೆ. "ಅವ್ಳಿಗ್ ನನ್ ಮ್ಯಾಲೆ ಕ್ವಾಪ ಐತೆ. ಇರ್ಲಿ. ಕ್ವಾಪ ಹೋಗಿ ಪಾಪ ಅನ್ಸಾದ್ ಬ್ಯಾಡ." ನನಗೆ ಆ ಮಾತು ಅವತ್ತೂ ಸರಿ ಅನ್ಸಿರ್ಲಿಲ್ಲ, ಇವತ್ತೂ ಅನ್ಸಲ್ಲ. ಆದ್ರೂ ಮಾತು ಕೊಟ್ಟೆ, ಇಪ್ಪತ್ತೊಂದು ವರ್ಷ ಉಳಿಸ್ಕೊಂಡೆ.

2015ರಲ್ಲಿ ಭಾರತದಲ್ಲಿ ಹಸುಗೂಸಿನ ಧನುರ್ವಾಯು ನಿರ್ಮೂಲ ಆಯ್ತು ಅಂತ ಹೇಳಿದಾಗ ನಾನು ಪೇಪರ್ ತಗೊಂಡು ಹೋಗಿ ಅಜ್ಜಿಗೆ ಓದಿ ಹೇಳಿದೆ. ಬಸುರೀರಿಗೆ ಟಿಟಿ ಇಂಜೆಕ್ಷನ್ನು, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು, ಫೋನ್ ಮಾಡಿದ್ರೆ ಬರೋ 108, ಎಲ್ಲಾ ಸೇರಿ ಆಗಿದ್ದು. ಅಜ್ಜಿ ಕಿವಿ ಮಂದ ಆಗಿತ್ತು, ಎರಡು ಸಲ ಓದಿಸ್ಕೊಂಡು "ಸುಳ್ಳಲ್ಲ ತಾನೆ" ಅಂತ ಕೇಳಿದ್ರು. ಮೂರು ವರ್ಷ ಆದ್ಮೇಲೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಕೊಟ್ಟಿದ್ದನ್ನ ಟಿವೀಲಿ ತೋರಿಸಿದಾಗ, ಆಕೆ ಮುಖ ನೋಡ್ಲಿಲ್ಲ, ಕೈ ನೋಡಿದ್ರು. "ಉಗ್ರು ನೋಡು, ಎಷ್ಟು ಸಣ್ಣಗ್ ಕತ್ತರ್ಸವ್ರೆ" ಅಂದ್ರು.

ಅಜ್ಜಿ ಹೋಗಿದ್ದು 2019ರ ಶ್ರಾವಣದಲ್ಲಿ, ಎಂಬತ್ತೈದು ವರ್ಷಕ್ಕೆ, ನಿದ್ದೇಲಿ. ತಿಥಿ ಕಳೆದ ಮೇಲೆ ಅಮ್ಮ ಟ್ರಂಕು ತೆಗೆದ್ರು. ಎನಾಮಲ್ ತಟ್ಟೆ, ತಕ್ಕಡಿ, ಕದ್ದ ಸೂಜಿ, ಆ ಕಾಲದ ಹೆರಿಗೆ ಪುಸ್ತಕ ಎರಡು. ತಳದಲ್ಲಿ ದಾರದುಂಡೆ ಹನ್ನೊಂದು, ಹೊಸಾವು. ರಿಟೈರ್ ಆಗಿ ಇಪ್ಪತ್ತೇಳು ವರ್ಷ ಆದ್ರೂ ಸಂತೇಲಿ ಕಂಡಾಗ ತಂದು ಇಟ್ಕೊಂಡಿದ್ರು. "ಇದ್ಯಾಕೆ ಇಷ್ಟೊಂದು ದಾರ? ಹೂ ಕಟ್ಟೋಳಾ ಇವಳು" ಅಂತ ಅಮ್ಮ ರೇಗಿದ್ರು. ನನ್ನ ಬಾಯಿ ತಡೀಲಿಲ್ಲ. ಹೇಳಿಬಿಟ್ಟೆ. ಕ್ಲಾಸು, ಕುಡುಗೋಲು, ಸೂಲಗಿತ್ತಿ, ಉಪ್ಸಾರು, ಎಂಟು ದಿನ.

ಅಮ್ಮ ಅಳ್ಲಿಲ್ಲ. ತಟ್ಟೆನ ಸೆರಗಲ್ಲಿ ಒರೆಸ್ತಾನೇ ಇದ್ರು. ತುಂಬ ಹೊತ್ತಾದ ಮೇಲೆ, "ಹೆಸರಿಟ್ಟಿದ್ರಂತಾ ಅವನಿಗೆ?" ಅಂದ್ರು.

ಇಲ್ಲ. ನಾಮಕರಣ ಹನ್ನೊಂದಕ್ಕೆ ಅಲ್ವಾ.

ಈಗ ಆ ತಟ್ಟೆ ದೇವರ ಮನೇಲಿದೆ. ಅಮ್ಮ ಅದರಲ್ಲಿ ನೀರು ಹಾಕಿ ಸಾಯಂಕಾಲ ಬಿಡಿಸಿದ ಮಲ್ಲಿಗೆ ಮೊಗ್ಗು ಇಡ್ತಾರೆ. ಬೆಳಗ್ಗೆ ಅಜ್ಜಿ ದಾರದಲ್ಲೇ ಕಟ್ಟೋದು. ಹನ್ನೊಂದರಲ್ಲಿ ನಾಲ್ಕು ಉಂಡೆ ಮುಗಿದಿವೆ, ಐದನೇದು ಈ ಯುಗಾದಿಗೆ ಶುರು ಮಾಡಿದ್ದಾರೆ. ದಾರ ಮಾತ್ರ ಗಟ್ಟಿ ಇದೆ, ಅಂಗಡೀಲಿ ಈಗ ಇಂಥದ್ದು ಸಿಗಲ್ಲ ಅಂತಾರೆ.